ಇಳಿಹೊತ್ತಿನ ದನಿ

೧೪ ಆಗಸ್ಟ್ ೨೦೨೩, ಸೋಮವಾರ. ರಾವೂರ

ಇವತ್ತಿನಿಂದ ಬರೆಯಬೇಕಂತೆ. ಅತೀಯಾಳ ಹುಕುಂ. ನನ್ನ ತಂಗಿಯ ಮಗಳು, ಕಲಬುರಗಿಯ ದವಾಖಾನೆಯಲ್ಲಿ ನರ್ಸ್. ಈ ನೋಟ್‌ಬುಕ್ಕನ್ನೂ ಅವಳೇ ಕೊಟ್ಟಳು. "ಮಾಮು, ಗುಳಿಗಿ ಎಷ್ಟಕ್ಕ ತಗೊಂಡ್ರಿ, ದನಿ ಎಷ್ಟಕ್ಕ ಬಿತ್ತು, ಇವೆರಡೇ ಬರೀರಿ. ನಿಮ್ಮ ದೊಡ್ಡಸ್ತಿಕಿ ಬರೀಬ್ಯಾಡ್ರಿ" ಅಂದಳು. ರಾವೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ನನ್ನಷ್ಟು ದುಂಡಗೆ ಬರೆದವರು ಯಾರೂ ಇರಲಿಲ್ಲ. ಇದು ದೊಡ್ಡಸ್ತಿಕೆ ಅಲ್ಲ, ಮಾಸ್ತರರೇ ಹೇಳಿದ್ದು.

ಮೊದಲು ಎಡಗಣ್ಣಿನ ರೆಪ್ಪೆ ಇಳಿಯಿತು. ಬೆಳಿಗ್ಗೆ ಸರಿ ಇರುತ್ತದೆ, ಮಧ್ಯಾಹ್ನ ಮೂರಾದರೆ ಅಂಗಡಿಯ ಶಟರಿನ ಹಾಗೆ ಅರ್ಧಕ್ಕೆ ಇಳಿಯುತ್ತದೆ. ವಾಡಿ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ನಾನು ಕಣ್ಣು ಹೊಡೆದೆ ಅಂತ ಬೈದಳು. ಐವತ್ತೆಂಟರ ವಯಸ್ಸಿಗೆ ಇಂಥ ಬೈಗುಳ ಯಾರಿಗೆ ಸಿಕ್ಕೀತು? ಒಂದು ವಾರ ಊರೆಲ್ಲ ಹೇಳಿಕೊಂಡು ತಿರುಗಿದೆ. ಹೆಂಡತಿ ಜಾನಬಿಗೂ ಹೇಳಿದೆ. "ಮೊದಲ ಅಕಿ ಕಣ್ಣು ದವಾಖಾನಿಗಿ ತೋರಸಬೇಕು" ಅಂದಳು.

ಆಮೇಲೆ ರೊಟ್ಟಿ ಅಗಿಯುವಾಗ ದವಡೆ ಅರ್ಧದಲ್ಲೇ ನಿಲ್ಲತೊಡಗಿತು, ಇಳಿಹೊತ್ತಿಗೆ ದನಿಯೂ ಬೀಳತೊಡಗಿತು. ಕಲಬುರಗಿಯ ಡಾಕ್ಟರು ರಬ್ಬರಿನ ಕೈಗವಸಿನಲ್ಲಿ ಐಸ್ ತುಂಬಿ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ಕಣ್ಣು ಪೂರ್ತಿ ತೆರೆದಿತ್ತು. ರಕ್ತ ಎಲ್ಲಿಗೋ ಕಳಿಸಿ ಖಾತ್ರಿ ಮಾಡಿಕೊಂಡರು. ಮೈಸ್ತೇನಿಯಾ ಅಂತ ಹೆಸರು. ತಲೆ ಹೇಳಿದ ಮಾತನ್ನು ನರ ತರುತ್ತದೆ, ಆದರೆ ನನ್ನದೇ ರಕ್ತ ಅದನ್ನು ಸ್ನಾಯುವಿಗೆ ಮುಟ್ಟಲು ಬಿಡುತ್ತಿಲ್ಲವಂತೆ. "ಎಷ್ಟ ದಿನದ ಔಷಧ್ರಿ?" ಅಂದೆ. "ದಿನದ ಲೆಕ್ಕ ಬೇಡ, ವರ್ಷದ ಲೆಕ್ಕ ಇಟ್ಟುಕೊಳ್ಳಿ" ಅಂದರು.

ಗುಳಿಗೆ ಎಂಟು, ಹನ್ನೆರಡು, ನಾಲ್ಕು, ಎಂಟಕ್ಕೆ. ಬೆಳಿಗ್ಗೆ ಇನ್ನೊಂದು ಬೇರೆ, ಮುಖ ಊದಿಸುವಂಥದ್ದು.

೨೭ ಆಗಸ್ಟ್

ಗುಳಿಗೆ ಎಂಟಕ್ಕೆ. ಅರ್ಧ ತಾಸಿನಲ್ಲಿ ನಾನು ಮತ್ತೆ ಮೊದಲಿನ ಚಾಂದ್. ಸುಮ್ಮನೆ ಇರಲಾಗದೆ ನಾನು ದುಡಿದ ಕಲ್ಲಿನ ಖಣಿಗೆ ಹೋದೆ. ಹುಡುಗರು ಇಬ್ಬರು ಫರಸಿ ಕಲ್ಲು ಎತ್ತಲು ಏದುಸಿರು ಬಿಡುತ್ತಿದ್ದರು. ಒಂದು ತುದಿ ನಾನೇ ಹಿಡಿದು ಎತ್ತಿ ತೋರಿಸಿದೆ. "ಕಾಕಾಗ ಯಾವ ಜಡ್ಡು? ಎಲ್ಲಾ ನಾಟಕ" ಅಂದರು. ಕೇಳಿ ಖುಷಿಯಾಯಿತು.

ಮಧ್ಯಾಹ್ನದ ಮೇಲೆ ಕತ್ತು ನಿಲ್ಲಲಿಲ್ಲ. ಗದ್ದಕ್ಕೆ ಕೈ ಕೊಟ್ಟು ಕುಳಿತೆ. ಸಂಜೆಗೆ ಎಲ್ಲರೂ ಇಬ್ಬಿಬ್ಬರಾಗಿ ಕಂಡರು. ಜಾನಬಿಯ ಪಕ್ಕದಲ್ಲಿ ಇನ್ನೊಬ್ಬ ಜಾನಬಿ, ಸ್ವಲ್ಪ ಮೇಲೆ, ಸ್ವಲ್ಪ ಓರೆ. "ಇಬ್ಬರನ್ನ ಸಾಕಲಿಕ್ಕ ನನ್ನ ಕಡಿಂದ ಆಗಂಗಿಲ್ಲ" ಅಂದೆ. "ಒಬ್ಬಾಕಿನ್ನ ಸಾಕಿದ್ದು ನೋಡೀನಲ್ಲ" ಅಂದಳು.

ಒಂದು ಮಾತು ಡಾಕ್ಟರಿಗೆ ಹೇಳುವುದಿಲ್ಲ. ಅಂಗಳದಲ್ಲಿ ಯಾರಾದರೂ ದಾಟಿ ಹೋದರೆ, ಮುಂದಿನವನು ಹೋದ ಮೇಲೂ ಎರಡನೆಯವನು ಒಂದು ಗಳಿಗೆ ನಿಂತೇ ಇರುತ್ತಾನೆ ಅನಿಸುತ್ತದೆ.

೯ ಸೆಪ್ಟೆಂಬರ್

ಗುಳಿಗೆ ಹನ್ನೆರಡಕ್ಕೆ. ದನಿ ಬಿದ್ದದ್ದು ಮೂರಕ್ಕೆ.

ಹಿತ್ತಲಲ್ಲಿ ಆಡನ್ನು ಗದರಿಸುತ್ತಿದ್ದೆ. ಒಳಗಿನಿಂದ ಜಾನಬಿ, "ಯಾರ್ ಬಂದಾರ್ರಿ? ಕುಂದ್ರಸ್ರಿ, ಚಹಾ ಇಡ್ತೀನಿ" ಅಂದಳು. ಯಾರೂ ಬಂದಿಲ್ಲ ಅಂದೆ. ಅವಳು ಬಾಗಿಲಿಗೆ ಬಂದು ನನ್ನ ಮುಖ ನೋಡುತ್ತ ನಿಂತಳು.

"ಲಾಲಪ್ಪನ ದನಿ ಕೇಳಿದಂಗಾಯ್ತು. ಮತ್ತ ಅವನ ನಕಲಿ ಮಾಡ್ಲಿಕತ್ತೀರೇನು?"

ಮಾಡುತ್ತಿರಲಿಲ್ಲ.

ಲಾಲಪ್ಪ, ಅಂದರೆ ನಮ್ಮ ಲಾಲ್ಯಾ, ಖಣಿಯಲ್ಲಿ ನನ್ನ ಜೋಡಿ. ದೊಡ್ಡ ಫರಸಿಯನ್ನು ಇಬ್ಬರು ಕೂಡಿ ಎತ್ತಬೇಕು. ಒಬ್ಬ ಕೈಬಿಟ್ಟರೆ ಇನ್ನೊಬ್ಬನ ಕಾಲು ಹೋಯಿತು. ಅದಕ್ಕೇ ಕಲ್ಲಿಗೆ ಕೈ ಹಚ್ಚುವ ಮುಂಚೆ ಎಲ್ಲರ ಬಾಯಿ ಮೂಸಿ ನೋಡುವ ಪದ್ಧತಿ ನಮ್ಮಲ್ಲಿತ್ತು. ಆ ಕೆಲಸ ನನ್ನದು, ಯಾಕೆಂದರೆ ಕುಡಿಯದವನು ನಾನೊಬ್ಬನೇ. "ಚಾಂದನ ಮೂಗಂದ್ರ ಕೋರ್ಟು" ಅನ್ನುತ್ತಿದ್ದ ಆಳುಗಳ ಮುಕಾದಮ ಅಂಬರೇಶ. ನಾನು ಹೂಂ ಅಂದರೆ ಕೆಲಸ, ಇಲ್ಲದಿದ್ದರೆ ಮನೆ.

೨೦೧೧ರಲ್ಲಿ ಲಾಲ್ಯಾನ ಕಣ್ಣು ಮಧ್ಯಾಹ್ನವಾದರೆ ಮುಚ್ಚತೊಡಗಿತು. ಮಾತು ಮೂಗಿನಲ್ಲಿ ಬರುತ್ತಿತ್ತು. ಒಂದು ದಿನ ಇಳಿಹೊತ್ತಿಗೆ ಕಲ್ಲು ಕೈಬಿಟ್ಟ. ನನ್ನ ಎಡಗಾಲಿನ ಎರಡು ಬೆರಳು ಹೋದವು. ಅಂಬರೇಶ ಓಡಿ ಬಂದು "ಚಾಂದ್, ಮೂಸು" ಅಂದ. ಮೂಸಿ, "ಹೊಡದಾನ" ಅಂದೆ. ಅವನನ್ನು ತೆಗೆದು ಹಾಕಿದರು. ಸುತ್ತಲಿನ ಯಾವ ಖಣಿಯವರೂ ಆಮೇಲೆ ಅವನನ್ನು ಕರೆಯಲಿಲ್ಲ. ಮರುವರ್ಷ ಸತ್ತ. ಕುಡಿದೇ ಸತ್ತ ಅಂತ ಊರಿಗೆಲ್ಲ ಗೊತ್ತು.

ಅವನ ನಕಲಿ ನನ್ನಂತೆ ಯಾರಿಗೂ ಬರುವುದಿಲ್ಲ. ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ಮೂಗಿನಲ್ಲಿ "ನಾ ಕುಡದಿಲ್ಲೋ ಯಪ್ಪಾ" ಅಂದರೆ ಸಾಕು, ಲಗ್ನದ ಮನೆಯಲ್ಲಿ ಜನ ಬಿದ್ದು ಬಿದ್ದು ನಗುತ್ತಾರೆ. ಚಿತ್ತಾಪುರ, ಶಹಾಬಾದಿನಿಂದೆಲ್ಲ ಕರೆ ಬರುತ್ತಿತ್ತು.

ನನಗೆ ಬಂದದ್ದು ಜಡ್ಡು. ಅವನದು ಕುಡಿತ. ಎರಡೂ ಬೇರೆ ಬೇರೆ.

೧೨ ಸೆಪ್ಟೆಂಬರ್

ಗಡ್ಡ ಕೆರೆದುಕೊಳ್ಳಲು ಕನ್ನಡಿ ಹಿಡಿದೆ. ರೆಪ್ಪೆ ಇಳಿದಿತ್ತು, ಬೆರಳಿನಿಂದ ಎತ್ತಿ ಹಿಡಿದೆ.

ಕನ್ನಡಿ ಜಾನಬಿಗೆ ಕೊಟ್ಟುಬಿಟ್ಟೆ. ಇನ್ನು ಗಡ್ಡ ಬಿಡುತ್ತೇನೆ ಅಂದೆ.

೩ ಡಿಸೆಂಬರ್, ಭಾನುವಾರ

ಶಹಾಬಾದಿನಲ್ಲಿ ಅಂಬರೇಶನ ಮಗಳ ಲಗ್ನ. ಗುಳಿಗೆ ಹನ್ನೆರಡಕ್ಕೆ ತಗೊಂಡಿದ್ದೆ. ಊಟದ ಪಂಕ್ತಿ ಏಳುವ ಹೊತ್ತಿಗೆ ಮೂರೂವರೆ. ಹಳೆಯ ಖಣಿಯವರೆಲ್ಲ ಸುತ್ತ ಕುಳಿತಿದ್ದರು. ಅಂಬರೇಶ ಎಲೆ ಅಡಿಕೆ ಹಾಕುತ್ತ, "ಚಾಂದ್, ಒಂದ ಸಲ ಲಾಲ್ಯಾನ್ನ ಕರಿ. ಬೀಗರು ನೋಡ್ಲಿ" ಅಂದ.

"ಇವತ್ತ ಆಗಂಗಿಲ್ಲ" ಅಂದೆ. "ನನಗ ಜಡ್ಡದ."

ಎಲ್ಲರೂ ನಕ್ಕರು. ಯಾಕೆ ಅಂತ ಮೊದಲು ತಿಳಿಯಲಿಲ್ಲ. "ಖರೇನ ಜಡ್ಡದಪ್ಪ, ದವಾಖಾನಿ ಚೀಟಿ ಅದ" ಅಂದೆ. ಇನ್ನೂ ಜೋರಾಗಿ ನಕ್ಕರು. ಬೀಗರಲ್ಲಿ ಒಬ್ಬ ಹೊಟ್ಟೆ ಹಿಡಿದುಕೊಂಡ. ರೆಪ್ಪೆ ಮುಚ್ಚಿಕೊಂಡು ಏನೂ ಕಾಣುತ್ತಿರಲಿಲ್ಲ, ಬೆರಳಿನಿಂದ ಎತ್ತಿದೆ. ಅಂಬರೇಶ ಕಣ್ಣೀರು ಒರೆಸಿಕೊಳ್ಳುತ್ತ, "ಥೇಟ್ ಲಾಲ್ಯಾ. ಮೊದಲಿನಕಿಂತ ಛಲೋ ಮಾಡ್ಲಿಕತ್ತೀಯಲ್ಲೋ" ಅಂದ.

ನಾನು ಏನೂ ಮಾಡುತ್ತಿರಲಿಲ್ಲ. ನಾನೂ ನಕ್ಕು ಮುಗಿಸೋಣ ಅಂದುಕೊಂಡೆ. ತುಟಿ ಮೇಲೆ ಏಳಲಿಲ್ಲ. ಪ್ರತಿಯೊಬ್ಬನ ಹಿಂದೆ ಒಬ್ಬೊಬ್ಬ ನಿಂತಿದ್ದ. ನಗುತ್ತಿರುವವರು ಮುಂದಿನವರೋ ಹಿಂದಿನವರೋ ಗೊತ್ತಾಗಲಿಲ್ಲ.

ಹೊರಡುವಾಗ ಒಬ್ಬ ಹುಡುಗ ಬಂದು, ನಕಲಿ ಛಲೋ ಇತ್ತು ಅಂತ ಕೈ ಕುಲುಕಿದ.

೪ ಜನವರಿ ೨೦೨೪

ಅಕ್ಷರ ದುಂಡಗಿಲ್ಲ.

ತಪ್ಪು ನನ್ನದೇ. ಗುಳಿಗೆಯಿಂದ ಹೊಟ್ಟೆ ನುಲಿಯುತ್ತಿತ್ತು, ಭೇದಿ ಆಗುತ್ತಿತ್ತು. ಏನೇನು ತಗೊಳ್ಳಬಾರದು ಅಂತ ಅತೀಯಾ ಪಟ್ಟಿ ಕೊಟ್ಟಿದ್ದಳು. ಊರಿಗೆಲ್ಲ ಔಷಧಿ ಹೇಳುವವನಿಗೆ ಪಟ್ಟಿ ಯಾಕೆ ಅಂತ ಅಂಗಡಿಯಿಂದ ಭೇದಿ ನಿಲ್ಲಿಸುವ ಗುಳಿಗೆ ತಂದು ನುಂಗಿದೆ. ಆ ಪಟ್ಟಿಯಲ್ಲಿ ಮೊದಲನೆಯದೇ ಅದಾಗಿತ್ತು. ಎರಡನೆಯ ದಿನ ಉಸಿರು ಎಳೆಯಲಾಗಲಿಲ್ಲ. ಹನ್ನೊಂದು ದಿನ ಕಲಬುರಗಿಯಲ್ಲಿ, ಬಾಯಲ್ಲಿ ಪೈಪು.

ಮಾತು ಇರಲಿಲ್ಲ. ಕೈ ಇರಲಿಲ್ಲ. ರೆಪ್ಪೆ ಏಳುತ್ತಿರಲಿಲ್ಲ. ಕಿವಿ ಮಾತ್ರ ಇತ್ತು. "ಇವರಿಗಿ ಎಚ್ಚರಿಲ್ಲ" ಅಂತ ಯಾರೋ ಅಂದರು. ಎಚ್ಚರ ಇತ್ತು.

ಲಾಲಪ್ಪ ಖಾಟಿನ ಬದಿಗೆ ಕುಳಿತಿದ್ದ. ಮುಚ್ಚಿದ ಕಣ್ಣಿಗೆ ಹೇಗೆ ಕಂಡ ಅಂತ ಕೇಳಬಾರದು. ಎಲ್ಲರೂ ಇಬ್ಬಿಬ್ಬರಾಗಿ ಕಾಣುತ್ತಾರೆ. ಅವನು ಒಬ್ಬನೇ ಇದ್ದ. ನನ್ನ ಬಾಯಿಯ ಹತ್ತಿರ ಮೂಗು ತಂದ.

ಬರೆದುಬಿಡುತ್ತೇನೆ. ವಾಸನೆ ಇರಲಿಲ್ಲ. ಅವತ್ತು ಅವನ ಬಾಯಿಂದ ಉಳ್ಳಾಗಡ್ಡಿ, ಜೋಳದ ರೊಟ್ಟಿ ಬಿಟ್ಟರೆ ಬೇರೆ ವಾಸನೆ ಬರಲಿಲ್ಲ. ಬೆರಳಿನಿಂದ ರಕ್ತ ಸುರಿಯುತ್ತಿತ್ತು, ಸಿಟ್ಟು ಬಂದಿತ್ತು. ಎಲ್ಲರೂ ನನ್ನ ಮೂಗಿನ ಕಡೆ ನೋಡುತ್ತಿದ್ದರು. ಹೊಡದಾನ ಅಂದೆ. ಅವನು "ನಾ ಕುಡದಿಲ್ಲೋ ಯಪ್ಪಾ" ಅಂದ. ಅವನ ದನಿ ಕೇಳಿ ಎಲ್ಲರೂ ನಕ್ಕರು. ಮೊದಲು ನಕ್ಕವನು ನಾನು.

ಅವನನ್ನು ಮಣ್ಣು ಮಾಡುವಾಗ ಅವನ ಮಗ ಸಂಘಪಾಲ ದೂರ ನಿಂತಿದ್ದ. ಹದಿನಾಲ್ಕು ವರ್ಷದವನು. ಕುಡುಕನ ಮಗ ಅಂತ ಶಾಲೆಯಲ್ಲಿ ಕರೆಯುತ್ತಿದ್ದರಂತೆ. ಒಂದು ಹಿಡಿ ಮಣ್ಣು ಹಾಕು ಅಂತ ತಾಯಿ ಎಳೆದರೂ ಬರಲಿಲ್ಲ.

೧೮ ಜನವರಿ

ತಪಾಸಣೆಗೆ ಹೋಗಿದ್ದೆ. ಹೊಸ ಗುಳಿಗೆ ಒಂದು ಸೇರಿಸಿದರು. ಅದು ಕೆಲಸ ಮಾಡಲು ಆರು ತಿಂಗಳು ಬೇಕಂತೆ. ಅತೀಯಾ ಪಕ್ಕದಲ್ಲೇ ಇದ್ದಳು.

"ಸಾಹೇಬ್ರ, ಗುಳಿಗಿ ಇಲ್ದಿದ್ರ ನಮ್ಮಂಥವ್ರಿಗಿ ಏನಾಗ್ತದ್ರಿ?" ಅಂದೆ.

"ನುಂಗುವುದಕ್ಕೆ ಆಗುವುದಿಲ್ಲ. ಆಮೇಲೆ ಉಸಿರು. ನಿಮಗೇ ಗೊತ್ತಲ್ಲ."

ಲಾಲಪ್ಪನ ವಿಷಯ ಹೇಳಿದೆ. ಕಣ್ಣು, ದನಿ, ಕೈಬಿಟ್ಟ ಕಲ್ಲು, ಕೊನೆಗೆ ತುತ್ತು ಗಂಟಲಿಗೆ ಸಿಕ್ಕಿ ಸತ್ತದ್ದು. ಹೆಸರು ಹೇಳಲಿಲ್ಲ, ಒಬ್ಬ ದೋಸ್ತ ಅಂದೆ.

"ನೋಡದ ಮನುಷ್ಯನ ಬಗ್ಗೆ ಖಾತ್ರಿ ಹೇಳಲಾರೆ. ಕೇಳಿದರೆ ನಿಮ್ಮದೇ ಕಾಯಿಲೆ ಅನಿಸುತ್ತದೆ" ಅಂದರು.

"ಈ ಗುಳಿಗಿ ಹೊಸಾದೇನ್ರಿ?"

"ಇದಾ? ನಿಮಗಿಂತ ಹಳೆಯದು."

ಬಸ್ಸಿನಲ್ಲಿ ಅತೀಯಾ, "ಮಾಮು, ಯಾವ ದೋಸ್ತ?" ಅಂದಳು. ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದೆ. ಈ ಜಡ್ಡಿನಿಂದ ಅದೊಂದು ಅನುಕೂಲ.

೨೯ ಜನವರಿ

ಲಾಲಪ್ಪನ ಹೆಂಡತಿ ರಮಾಬಾಯಿ ಈಗ ತವರೂರು ನಾಲವಾರದಲ್ಲಿದ್ದಾಳೆ. ಮಗ ಅಲ್ಲೇ ರೈಲ್ವೆಯಲ್ಲಿ ಹಳಿಯ ಕೆಲಸಕ್ಕೆ ಸೇರಿದ್ದಾನೆ. ವಾಡಿಗೆ ಹೋಗಿ ಟಿಕೆಟು ತಗೊಂಡೆ. ಗಾಡಿ ಬಂತು. ಗಾಡಿ ಹೋಯಿತು.

೧೧ ಫೆಬ್ರವರಿ, ಭಾನುವಾರ

ಹೋದೆ. ಎಂಟಕ್ಕೆ ಗುಳಿಗೆ ನುಂಗಿ ಗಾಡಿ ಹತ್ತಿದೆ. ಹನ್ನೊಂದರವರೆಗೆ ದನಿ ನನ್ನದು, ಅಷ್ಟರಲ್ಲಿ ಹೇಳಿ ಮುಗಿಸಬೇಕು ಅಂತ ಲೆಕ್ಕ.

ರಮಾಬಾಯಿ ಬಾಗಿಲಲ್ಲಿ ಕುಳಿತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. "ಬರ್ರಿ ಚಾಂದಭಾಯಿ, ಕುಂದ್ರಿ" ಅಂದಳು, ಆಶ್ಚರ್ಯ ತೋರಿಸಲಿಲ್ಲ. ಚಹಾಕ್ಕೆ ಇಟ್ಟಳು. ಎಲ್ಲಿಂದ ಶುರು ಮಾಡಲಿ? ದವಾಖಾನೆಯಿಂದ ಶುರು ಮಾಡಿದೆ. ಅಲ್ಲಿನ ಮಷೀನು, ಹನ್ನೊಂದು ದಿನ, ನನ್ನಂಥ ಎದೆ ಬೇರೆಯವರಿಗಿದ್ದರೆ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಅಂದದ್ದು. ಡಾಕ್ಟರು ಹಾಗೆ ಅಂದಿರಲಿಲ್ಲ. ಖಣಿಯ ಸುದ್ದಿ, ಆಡಿನ ಸುದ್ದಿ, ವಾಡಿಯ ಹೆಂಗಸು ಬೈದ ಸುದ್ದಿ. ಬಾಯಿ ತಾನೇ ಓಡುತ್ತಿತ್ತು. ಅವಳು ಮೊರದಿಂದ ತಲೆ ಎತ್ತಲಿಲ್ಲ.

"ಹನ್ನೆರಡು ವರ್ಷಕ್ಕ ಬಂದೀರಿ. ಇದನ್ನ ಹೇಳ್ಲಿಕ್ಕ ಬಂದೀರೇನು?" ಅಂದಳು.

ಚಹಾ ಕೈಯಲ್ಲೇ ಆರಿತ್ತು. "ವೈನಿ, ಲಾಲಪ್ಪನ ಮಾತು ಒಂದದ" ಅಂದೆ. ಅಂದದ್ದು ನಾನಲ್ಲ. ದನಿ ಬಿದ್ದಿತ್ತು.

ಅವಳು ಮೊರ ಕೆಳಗಿಟ್ಟಳು. ಸಿಟ್ಟಿನಲ್ಲೂ ದನಿ ಏರಿಸಲಿಲ್ಲ. "ನನ್ನ ಮನ್ಯಾಗ ಕುಂತು ನನ್ನ ಮುಂದ ಅವನ ನಕಲಿ ಮಾಡ್ತೀರೇನು? ಲಗ್ನದಾಗ ಮಾಡ್ತಿದ್ರಿ, ಎಲ್ಲಾ ಕೇಳೀನಿ. ಮಂದಿ ಸಾಲಲಿಲ್ಲಂತ ಇಲ್ಲಿತನಕ ಬಂದ್ರೇನು? ಏಳ್ರಿ. ಹೊರಗ ನಡೀರಿ."

ನಕಲಿ ಅಲ್ಲ ಅನ್ನಬೇಕು, ಅಂದರೆ ಅದೂ ಅದೇ ದನಿಯಲ್ಲಿ ಬರುತ್ತದೆ. ಗಡಬಡಿಸಿ ಚಹಾ ಒಂದೇ ಗುಟುಕಿಗೆ ಕುಡಿದು ಎದ್ದೆ. ಗಂಟಲು ಒಪ್ಪಲಿಲ್ಲ. ಚಹಾ ಮೂಗಿನಿಂದ ಹೊರಗೆ ಬಂತು.

ರಮಾಬಾಯಿ ನಿಂತಲ್ಲೇ ನಿಂತಳು. ಆಮೇಲೆ ಓಡಿ ಬಂದು ಒಂದು ಕೈ ನನ್ನ ಗದ್ದಕ್ಕೆ, ಒಂದು ಕೈ ಹಿಂದಲೆಗೆ ಇಟ್ಟು ಮುಂದಕ್ಕೆ ಬಗ್ಗಿಸಿದಳು. "ನುಂಗಬ್ಯಾಡ್ರಿ. ಉಗುಳ್ರಿ. ಮೂಗಲೇ ಉಸಿರು ತಗೋಬ್ಯಾಡ್ರಿ, ಸಾವಕಾಶ." ಜಾನಬಿಗೆ ಇದನ್ನು ಕಲಿಸಲು ಅತೀಯಾ ಒಂದು ವಾರ ತಗೊಂಡಿದ್ದಳು. ಈ ಕೈಗೆ ಎಲ್ಲವೂ ಗೊತ್ತಿತ್ತು.

ನನ್ನ ಮುಖ ಸೆರಗಿನಿಂದ ಒರೆಸಿದಳು. "ಯಾವಾಗಿನಿಂದ ಹಿಂಗ?" ಅಂದಳು.

"ಆರೇಳು ತಿಂಗಳಾಯ್ತು."

"ಉಳೀತೀರೇನು?"

"ಗುಳಿಗಿ ಅದಾವ." ಕಿಸೆಯಿಂದ ತೆಗೆದು ಕೊಟ್ಟೆ. ಆ ಗುಳಿಗೆ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇವು ಆವಾಗ ಇದ್ದುವೇನು?"

ಇರಲಿಲ್ಲ ಅಂದರೆ ಮುಗಿಯುತ್ತಿತ್ತು. ಅವಳಿಗೂ ಹಗುರ, ನನಗೂ ಹಗುರ. ಅಂಥ ಸುಳ್ಳು ನನಗೆ ಕಷ್ಟವಲ್ಲ.

"ಇದ್ದವು" ಅಂದೆ.

ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳು ಒಂದೊಂದಾಗಿ ಮಡಚಿದಳು.

"ವಾಸನಿ ಇರಲಿಲ್ಲ ವೈನಿ. ಅವತ್ತ ನಾ ಸುಳ್ಳ ಹೇಳಿದೆ."

"ಅವನ ಬಾಜೂಕ ಮಲಗಾಕಿ ನಾ. ನನಗ ಹೇಳ್ಲಿಕ್ಕ ಬಂದೀರೇನು?" ಅಂದಳು. "ಸಂಘಪಾಲಗ ಹೇಳ್ರಿ. ಅವ ನನ್ನ ಮಾತು ನಂಬಂಗಿಲ್ಲ. ಅವ್ವ ಅಪ್ಪಂದು ಮುಚ್ಚಿ ಹಾಕ್ತಾಳಂತಾನ. ಅಪ್ಪನ ಫೋಟೋ ಟ್ರಂಕಿನಾಗ ಅದ, ಗ್ವಾಡಿಗಿ ಹಾಕಗೊಡಂಗಿಲ್ಲ. ಇವತ್ತ ಡ್ಯೂಟಿ. ಮುಂದಿನ ಐತವಾರ ಸುಟ್ಟಿ ಅದ. ಬರ್ರಿ."

ಗುಳಿಗೆ ಹನ್ನೆರಡಕ್ಕೆ ತಗೊಂಡೆನೋ ಇಲ್ಲವೋ ನೆನಪಿಲ್ಲ.

೧೮ ಫೆಬ್ರವರಿ, ಭಾನುವಾರ

ಗುಳಿಗೆ ಹನ್ನೆರಡಕ್ಕೆ, ನಾಲವಾರ ಸ್ಟೇಷನ್ನಿನ ನಳದಲ್ಲಿ.

ಸಂಘಪಾಲ ಅಪ್ಪನ ಹಾಗೇ ಎತ್ತರ. "ಜೈ ಭೀಮ್ ಕಾಕಾ" ಅಂದ. ನಾನು ಕುಳಿತ ಕೂಡಲೇ ಹೇಳಿದೆ. ಬಾಯಿ ಮೂಸಿದ್ದು, ವಾಸನೆ ಇಲ್ಲದ್ದು, ಆದರೂ ಹೊಡದಾನ ಅಂದದ್ದು, ಜಡ್ಡಿನ ಹೆಸರು. ಒಂದು ಮಾತೂ ಹೆಚ್ಚಿಗೆ ಹಾಕಲಿಲ್ಲ. ಅಂಬರೇಶನ ಮುಂದೂ ಖಣಿಯವರ ಮುಂದೂ ಹೇಳುತ್ತೇನೆ ಅಂದೆ.

ಅವನು ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಛಲೋ ಇತ್ತು.

"ಕಾಕಾ, ನೀವು ಮಾಡ್ತಿದ್ರಲ್ಲ, ರೆಪ್ಪಿ ಎತ್ತಿ" ಅಂದ. "ಅದನ್ನ ನಾ ಕಲ್ತಿದ್ದೆ. ನೀವು ಮಾಡಿದ್ದು ನೋಡಿ. ಒಂದಿನ ಅಪ್ಪ ಉಣ್ಣಲಿಕತ್ತಿದ್ದ. ಅವನ ಮುಂದ ನಿಂತು ಮಾಡಿ ತೋರಿಸಿದೆ."

ರಮಾಬಾಯಿಗೆ ಇದು ಗೊತ್ತಿರಲಿಲ್ಲ. ಅವಳ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು.

"ಏನಂದ ಅವ?" ಅಂದಳು.

"ಛಲೋ ಮಾಡ್ತೀಯಲ್ಲೋ ಅಂದ."

ಎದ್ದು ಟ್ರಂಕು ತೆಗೆದ. ಸೀರೆಗಳ ಕೆಳಗಿನಿಂದ ಫೋಟೋ ಎಳೆದುಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಎರಡು ಬೆನ್ನು. ಬಹಳ ಹೊತ್ತಾದರೂ ಒಳಗೆ ಬರಲಿಲ್ಲ. ನಾವಿಬ್ಬರೂ ಕರೆಯಲಿಲ್ಲ.

ನಾಲ್ಕಾಯಿತು. ನಾನು ಗುಳಿಗೆ ತೆಗೆದೆ. "ನೀರು ಕೊಡ್ರಿ ವೈನಿ" ಅಂದೆ. ದನಿ ಪೂರ್ತಿ ಮೂಗಿಗೆ ಹೋಗಿತ್ತು.

ರಮಾಬಾಯಿ ನೀರು ತರಲಿಲ್ಲ. "ಜರಾ ನಿಂದರ್ರಿ" ಅಂದಳು. "ಅದು ತಗೊಂಡ್ರ ದನಿ ಹೋಗ್ತದಲ್ಲ?"

"ಹೋಗಂಗಿಲ್ಲ ವೈನಿ. ಬರ್ತದ."

"ನಾ ಅಂದಿದ್ದು ನಿಮ್ಮ ದನಿ ಅಲ್ಲ."

ಮಗ ಕುಳಿತ ಕಡೆ ಒಮ್ಮೆ ನೋಡಿ, ಒಲೆಯ ಕಡೆ ತಿರುಗಿ, ನನಗೆ ಬೆನ್ನು ಮಾಡಿ ಕುಳಿತಳು. "ಒಂದ ಸಲ ರಮಾ ಅನ್ರಿ. ಅವ ಹಂಗ ಕರೀತಿದ್ದ. ಬಾಯಿ ಅಂತಿರಲಿಲ್ಲ."

ಇಷ್ಟು ವರ್ಷ ಆ ದನಿಯಲ್ಲಿ ಏನೇನೋ ಅಂದಿದ್ದೇನೆ. ಈ ಎರಡು ಅಕ್ಷರಕ್ಕೆ ತುಟಿ ಕೂಡಲು ಹೊತ್ತು ಹಿಡಿಯಿತು.

ಕರೆದೆ.

ಒಲೆಯ ಕಡೆಯಿಂದ "ಹ್ಞಾಂ" ಅಂದಳು. ಆಮೇಲೆ ಮಾತಾಡಿದಳು. ಮೆಲ್ಲಗೆ, ನಡುನಡುವೆ ನಿಲ್ಲಿಸುತ್ತ, ಉತ್ತರ ಕೇಳಿಸಿಕೊಂಡವಳ ಹಾಗೆ ಮತ್ತೆ ಮುಂದುವರಿಸುತ್ತ. ನಾನು ಅಲುಗಾಡಲಿಲ್ಲ. ಕತ್ತು ಬೀಳುತ್ತಿತ್ತು, ಗದ್ದಕ್ಕೆ ಕೈ ಕೊಟ್ಟುಕೊಂಡೆ. ಇನ್ನೊಂದು ಕೈಯಲ್ಲಿ ಗುಳಿಗೆ ಬೆವರಿಗೆ ಕರಗತೊಡಗಿತ್ತು. ಅವಳ ಮಾತು ಮುಗಿಯುವವರೆಗೆ ಬಾಯಿಗೆ ಹಾಕಲಿಲ್ಲ.

ಅವಳು ಏನು ಹೇಳಿದಳು ಎಂದು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಹೇಳಿದ್ದಲ್ಲ.